ಒಲೆಯ ಕೆಳಗಿನ ಪೀಠ

ರೋಮನ್ನರ ಕಾಲದಲ್ಲಿ ನಮ್ಮ ಥಬ್ಬೂರಾ ಪಟ್ಟಣವಾಗಿತ್ತು. ಈಗ ಹದಿನಾಲ್ಕು ಮನೆ, ಮುರಿದ ಕಂಬಗಳು, ಅವುಗಳ ಮೇಲೆ ಆಡುಗಳು. ಇಲ್ಲಿ ಕ್ರೈಸ್ತರು ಮುಗಿದು ಸಾವಿರ ವರ್ಷವಾಯಿತು; ಆದರೂ ನಮಗೊಬ್ಬ ಬಿಷಪ್ ಇದ್ದಾರೆ. ಸ್ವಂತ ಪೀಠ, ಅಂದರೆ ನೋಡಿಕೊಳ್ಳಲು ಒಂದು ಊರು, ಇಲ್ಲದ ಬಿಷಪ್ಪರಿಗೆ ಸತ್ತ ಊರುಗಳ ಹೆಸರು ಹಂಚುವ ಪದ್ಧತಿ ರೋಮಿನಲ್ಲಿದೆ. ನಾವು ಬದುಕಿದ್ದೇವೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ.

ಆ ಬಿಷಪ್ಪರು ಬೆಲ್ಜಿಯಮ್ಮಿನಿಂದ ಊರು ನೋಡಲು ಬರುತ್ತಾರೆಂದು ಶೆಲ್ಬಿಯಾ ಅತ್ತೆಗೆ ಹೇಳಿದವನು ನಾನು, ಊರಿನ ನಿವೃತ್ತ ಮೇಷ್ಟ್ರು. ಅತ್ತೆಯ ಮನೆ ಹಳೇ ಇಗರ್ಜಿಯ ಗೋಡೆಗೆ ಒರಗಿತ್ತು. ಅಗೆದು ನೋಡಲು ಮನೆ ಕೆಡವುತ್ತೇವೆಂದು ಪುರಾತತ್ವದವರು ವರ್ಷಗಳಿಂದ ಹೆದರಿಸುತ್ತಿದ್ದರು.

"ಊರು ಅವನ ಹೆಸರಲ್ಲಿದೆಯಲ್ಲ, ಮನೆ ಬಿಟ್ಬಿಡಿ ಅಂತ ಒಂದು ಮಾತು ಹೇಳಲಿ."

"ಬರೀ ಹೆಸರು ಅತ್ತೆ. ಅಧಿಕಾರ ಏನೂ ಇಲ್ಲ."

"ನೀನು ಓದಿದ್ದು ಜಾಸ್ತಿ ಆಯ್ತು ಕಣೋ. ನಮ್ಮನೆ ಉಪ್ಪು ತಿಂದೋನು ಇಲ್ಲ ಅಂತಾನಾ?"

ಬಿಷಪ್ ದೆಗ್ರೋತ್ ಬಂದದ್ದು ರಂಜಾನಿನಲ್ಲಿ. ಊರೆಲ್ಲ ಉಪವಾಸ, ಊಟಕ್ಕೆ ಕೂತವರು ಅವರೊಬ್ಬರೇ. ಅವರಿಗೂ ಅದು ಮಾಂಸ ಬಿಡುವ ವ್ರತದ ಕಾಲವಂತೆ. ಅತ್ತೆ ಇದ್ದೊಂದು ಕೋಳಿ ಕೊಯ್ದು ಗೋಧಿರವೆಯ ಕುಸ್ಕುಸ್ ಮಾಡಿದ್ದರೆ, ಅವರು ಕೋಳಿಯನ್ನು ಮೆಲ್ಲಗೆ ಬದಿಗೆ ಸರಿಸಿ ಕುಂಬಳಕಾಯಿ ತಿಂದರು.

"ಉಪ್ಪು ಒಳಗೆ ಹೋಯ್ತಲ್ಲ, ಸಾಕು. ಈಗ ಕೇಳು," ಎಂದಳು ಅತ್ತೆ.

ನಾನು ಫ್ರೆಂಚಿನಲ್ಲಿ ಕೇಳಿದೆ. ಮುದಿ ಬಿಷಪ್ಪರ ಮುಖ ಕೆಂಪಾಯಿತು. "ಅಮ್ಮಾ, ಇಲ್ಲಿ ನನ್ನದು ಅಂತ ಒಂದು ಕಲ್ಲೂ ಇಲ್ಲ. ಪ್ರಾರ್ಥನೆ ಮಾಡ್ತೀನಿ." ಆಮೇಲೆ ಜೊತೆಗಿದ್ದ ಪುರಾತತ್ವದ ಅಧಿಕಾರಿಯತ್ತ ತಿರುಗಿ, ಇಗರ್ಜಿಯ ಬಲಿಪೀಠ ಎಲ್ಲಿತ್ತು ಎಂದು ವಿಚಾರಿಸಿದರು.

ಅಧಿಕಾರಿ ನಕ್ಷೆ ನೋಡಿದ, ಗೋಡೆ ನೋಡಿದ, ಅತ್ತೆಯ ಒಲೆಯತ್ತ ಬೆರಳು ಮಾಡಿದ.

ಬಿಷಪ್ಪರು ಒಲೆಯ ಮುಂದೆ ಮಂಡಿಯೂರಿ ನೆಲಕ್ಕೆ ಮುತ್ತಿಟ್ಟರು. ಹಣೆಗೆ ಬೂದಿ ಮೆತ್ತಿತು. ಅಳು ತಡೆಯದೆ ಅಲ್ಲೇ ಕೂತುಬಿಟ್ಟರು. ಅತ್ತೆಯೇ ರಟ್ಟೆ ಹಿಡಿದು ಎಬ್ಬಿಸಿ, ಸೆರಗಿನಿಂದ ಹಣೆ ಒರೆಸಿದಳು. ಅಧಿಕಾರಿ ಫೋಟೋ ತೆಗೆಯುತ್ತಲೇ ಇದ್ದ.

"ನೋಡಿದ್ಯೇನೋ? ನನ್ನ ಒಲೆಗೇ ಅಡ್ಡಬಿದ್ದ! ಇನ್ನು ಯಾವನು ಮುಟ್ತಾನೆ, ನೋಡೇಬಿಡ್ತೀನಿ."

ಫೋಟೋ ರಾಜಧಾನಿಯ ಪತ್ರಿಕೆಯಲ್ಲಿ ಬಂತು. ಅಷ್ಟು ವರ್ಷ ಅಲುಗಾಡದ ಕಡತಕ್ಕೆ ಕಾಲು ಬಂತು: ಇಷ್ಟು ಪವಿತ್ರವಾದ ಜಾಗದ ಮೇಲೆ ಅಡುಗೆಮನೆಯೇ? ಹಬ್ಬ ಮುಗಿಯುತ್ತಲೇ ಜೆಸಿಬಿ ಬಂತು. ಮೊದಲು ಕಿತ್ತದ್ದು ಒಲೆಯನ್ನು. ಕೆಳಗೆ ಬಲಿಪೀಠ ಸಿಗಲಿಲ್ಲ, ಬರೀ ಮಣ್ಣು.

ಅತ್ತೆಗೆ ಹೆದ್ದಾರಿ ಪಕ್ಕ ಸಿಮೆಂಟಿನ ಒಂದು ಕೋಣೆ ಕೊಟ್ಟರು. ನಲ್ಲಿ ಇದೆ, ನೀರಿಲ್ಲ. ನಾನು ಬಿಷಪ್ಪರಿಗೆ ಬರೆದೆ. ಅವರ ಕಚೇರಿಯಿಂದ ಉತ್ತರ ಬಂತು: ಅವರಿಗೆ ಜನರಿರುವ ಊರೇ ಸಿಕ್ಕಿದೆ, ಥಬ್ಬೂರಾ ಈಗ ಬೇರೊಬ್ಬ ಬಿಷಪ್ಪರದು. ಅತ್ತೆಗೆ ಓದಿ ಹೇಳಿದೆ.

ಅವಳು ನೀರಿಲ್ಲದ ನಲ್ಲಿಯನ್ನು ಒಮ್ಮೆ ತಿರುಗಿಸಿ ನೋಡಿದಳು. ಆಮೇಲೆ, "ಈ ಹೊಸಬನೂ ಊರು ನೋಡೋಕೆ ಬರ್ತಾನಾ?" ಎಂದಳು.

"ಬರಬಹುದು ಅತ್ತೆ."

"ಬರದ ಹಾಗೆ ನೋಡ್ಕೋ. ಇನ್ನೂ ಹದಿಮೂರು ಮನೆ ಇವೆ."