ಹತ್ತು ಪರೀಕ್ಷೆ ದಾಟಿದ ಕಲ್ಲು

ಅಳಿಯನನ್ನು ಅತ್ತೆಗೆ ತೋರಿಸುವುದೂ ಒಂದೇ, ಗಾಲೆನ್ ಟೇಬರ್‌ಗೆ ಕಲ್ಲು ತೋರಿಸುವುದೂ ಒಂದೇ. ಐಬು ಹೊರಬೀಳದೆ ಇರುವುದಿಲ್ಲ. ಮಿಸೌರಿ ನದಿದಂಡೆಯ ಆ ಊರಲ್ಲಿ ಮೂವತ್ತು ವರ್ಷ ಶಾಲಾ ಬಸ್ಸು ರಿಪೇರಿ ಮಾಡಿ ನಿವೃತ್ತನಾದ ಈ ಮನುಷ್ಯ ಈಗ ಅಂತರ್ಜಾಲದಲ್ಲಿ ಒಂಬತ್ತು ಸಾವಿರ ಜನರ ಬಳಗವೊಂದನ್ನು ನಡೆಸುತ್ತಿದ್ದ. ಸಾವಿರಾರು ವರ್ಷದ ಹಿಂದಿನವರು ಈಟಿಗೂ ಬಾಣಕ್ಕೂ ಕಟ್ಟುತ್ತಿದ್ದ ಕಲ್ಲುಮೊನೆಗಳು ಆ ಕಡೆಯ ಹೊಲಗಳಲ್ಲಿ ಉಳುವಾಗ ಸಿಗುತ್ತವೆ. ಅವುಗಳ ಹುಚ್ಚು ಹಿಡಿದವರ ಬಳಗ ಅದು. ಆನ್‌ಲೈನಿನಲ್ಲಿ ಕೊಳ್ಳುವ ಮುಂಚೆ ಜನ ಫೋಟೊ ಹಾಕಿ, "ಇದು ಅಸಲಿಯಾ ಸಾರ್?" ಎಂದು ಕೇಳುತ್ತಿದ್ದರು. ಗಾಲೆನ್ ಬೆಳಗಿನ ಮೊಟ್ಟೆ ತಿನ್ನುತ್ತಲೇ ತೀರ್ಪು ಕೊಡುತ್ತಿದ್ದ. "ನಕಲಿ." ಇನ್ನೊಂದು ತುತ್ತು. "ನಕಲಿ. ಹೋದ ವಾರ ಮಾಡಿದ್ದು, ಇನ್ನೂ ಬಿಸಿ ಆರಿಲ್ಲ."

ತೀರಿಹೋದ ಗಂಡನ ಸಂಗ್ರಹದ ಫೋಟೊ ಹಾಕಿದ್ದ ಹೆಂಗಸೊಬ್ಬಳಿಗೆ, "ನಿಮ್ಮ ಯಜಮಾನರು ಒಳ್ಳೆಯವರಿರಬಹುದು, ಕಲ್ಲುಗಳು ಮಾತ್ರ ಅಲ್ಲ" ಎಂದು ಬರೆದು ಇನ್ನೂರು ಮಂದಿಯ ಮೆಚ್ಚುಗೆ ಗಿಟ್ಟಿಸಿದ್ದ. ಪುಣ್ಯಾತ್ಮನಿಗೆ ಅಷ್ಟು ಕರುಣೆ. ಅಸಲಿ ನಕಲಿ ಗುರುತಿಸಲು 'ಗಾಲೆನ್ ಟೇಬರ್‌ನ ಹತ್ತು ಪರೀಕ್ಷೆಗಳು' ಎಂಬುದನ್ನು ಅವನೇ ಬರೆದು ಬಳಗದ ಪುಟದ ತಲೆಯ ಮೇಲೆ ಅಂಟಿಸಿದ್ದ. ಅದನ್ನು ಓದದೆ ಪ್ರಶ್ನೆ ಕೇಳಿದವರನ್ನು ಹೊರಗೆ ಹಾಕುತ್ತಿದ್ದ.

ಹಾಗೆ ಹೊರಗೆ ಬಿದ್ದವರಲ್ಲಿ ಅವನ ಸ್ವಂತ ಅಣ್ಣ ಒರಿನ್ ಕೂಡ ಒಬ್ಬ. ಒರಿನ್ ತನ್ನ ಕೊಟ್ಟಿಗೆಯಲ್ಲಿ ಕೂತು, ಜಿಂಕೆ ಕೊಂಬಿನಿಂದ ಬಡಿದು, ತಾಮ್ರದ ಕಡ್ಡಿಯಿಂದ ಒತ್ತಿ, ಹೊಸ ಕಲ್ಲುಮೊನೆಗಳನ್ನು ಮಾಡುತ್ತಿದ್ದ. ಮೋಸವೇನಿಲ್ಲ. ಪ್ರತಿಯೊಂದರ ಬುಡದಲ್ಲೂ ಹೆಸರು, ಇಸವಿ ಗೀರಿ, ಮನೆಮಂದಿಯ ಒಂದು ಊಟದ ಬೆಲೆಗೆ ಮಾರುತ್ತಿದ್ದ. ಆದರೆ ಆ ಹೆಸರನ್ನು ಯಾರೋ ಖದೀಮ ಉಜ್ಜಿ ಅಳಿಸಿ, ಕಲ್ಲನ್ನು ಚಹಾ ನೀರಲ್ಲಿ ನೆನೆಸಿ, ಪುರಾತನದ್ದೆಂದು ಮಾರಿದರೆ? ಅದಕ್ಕೆಲ್ಲ ಮೂಲ ಇಂಥ ಒರಿನ್‌ಗಳೇ ಎಂದು ಗಾಲೆನ್ನನ ವಾದ. ಎರಡು ವರ್ಷದ ಹಿಂದೆ ಒಂಬತ್ತು ಸಾವಿರ ಜನರ ಮುಂದೆ, "ಒರಿನ್ ಟೇಬರ್ ಮಾಡಿದ ಕಲ್ಲು ಕುರುಡು ಕೋಳಿಯನ್ನೂ ಮೋಸಗೊಳಿಸಲಾರದು" ಎಂದು ಬರೆದು ಅಣ್ಣನಿಗೆ ಬಾಗಿಲು ಹಾಕಿದ. ಅಂದಿನಿಂದ ಮಾತಿಲ್ಲ. ನವೆಂಬರಿನ ಹಬ್ಬದ ಟರ್ಕಿ ಕೋಳಿಯೂ ಎರಡು ಮನೆಯಲ್ಲಿ ಬೇರೆ ಬೇರೆ ಬೇಯುತ್ತಿತ್ತು.

ಇಂಥ ಗಾಲೆನ್ ಏಪ್ರಿಲ್‌ನಲ್ಲಿ ಆನ್‌ಲೈನ್ ಹರಾಜಿನಲ್ಲಿ ಒಂದು ಕಲ್ಲು ಕೊಂಡ. ಅಂಗೈಯಗಲದ್ದು, ಬುಡದಲ್ಲಿ ಪಾರಿವಾಳದ ಬಾಲದಂಥ ಎರಡು ಕಿವಿ, ಜೇನಿನ ಬಣ್ಣ. ಆರು ಸಾವಿರ ವರ್ಷ ಹಳೆಯದೆಂದು ಚಿನ್ನದ ಮುದ್ರೆಯ ಪ್ರಮಾಣಪತ್ರ. ಮೀನು ಹಿಡಿಯುವ ದೋಣಿಯನ್ನು ಮಾರಿ ನಾಲ್ಕು ಸಾವಿರ ಡಾಲರ್ ಕೊಟ್ಟ. ಬರುವ ಭಾನುವಾರ ಜಿಲ್ಲಾ ಮೇಳದಲ್ಲಿ ಇದನ್ನಿಟ್ಟು ಮೊದಲ ಬಹುಮಾನದ ನೀಲಿ ರಿಬ್ಬನ್ ಹೊಡೆಯುವುದಾಗಿ ಬಳಗದಲ್ಲಿ ಆಗಲೇ ಡಂಗುರ ಸಾರಿದ್ದ.

ಮಂಗಳವಾರ ಮಧ್ಯಾಹ್ನ ಪಾರ್ಸೆಲ್ ಬಂತು. ಅಡುಗೆಮನೆಯ ಮೇಜಿನ ಮೇಲಿಟ್ಟು, ಶಾಸ್ತ್ರಕ್ಕೆಂದು ತನ್ನದೇ ಪರೀಕ್ಷೆ ಶುರುಮಾಡಿದ. ನೇರಳೆ ಬೆಳಕಿನ ಟಾರ್ಚ್ ಬಿಟ್ಟರೆ ಅಸಲಿ ಕಲ್ಲು ಒಂದೇ ಬಣ್ಣ ತೋರಬೇಕು. ಇದರ ಸಂದುಗಳಲ್ಲಿ, ಹಳತಾಗಿ ಕಾಣಲೆಂದು ಮಣ್ಣು ಮೆತ್ತಿದ ಗೋಂದು ಫಳಫಳ ಹೊಳೆಯಿತು. ಟಾರ್ಚಿನ ಬ್ಯಾಟರಿ ಸರಿಯಿಲ್ಲವೆಂದು ಗಾಲೆನ್ ತೀರ್ಮಾನಿಸಿದ. ನೇಗಿಲು ತಾಗಿದ ತುಕ್ಕಿನ ಗೆರೆ ಉಬ್ಬಿನ ಮೇಲೆ ಮಾತ್ರ ಇರಬೇಕು, ತಗ್ಗಿನೊಳಗೆ ಇಳಿಯಬಾರದು. ಇಲ್ಲಿ ತುಕ್ಕು ತಗ್ಗುಗಳಿಗೂ ನುಗ್ಗಿ ಸುಖವಾಗಿ ಕೂತಿತ್ತು. ಹಿಂದಿನ ಕಾಲದ ನೇಗಿಲುಗಳೇ ಬೇರೆ ತರಹ ಅಂದುಕೊಂಡ. ಹತ್ತಿಯನ್ನು ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಅದ್ದಿ ಒರೆಸಿದ. ಆರು ಸಾವಿರ ವರ್ಷ ಹತ್ತಿಗೆ ಅಂಟಿಕೊಂಡು ಬಂತು.

"ಬೇರೆಯವರ ಕಲ್ಲಾಗಿದ್ರೆ ನೀನು ಬಾಗಿಲಲ್ಲೇ ನಕಲಿ ಅಂತಿದ್ದೆ," ಆಲೂಗಡ್ಡೆ ಹೆರೆಯುತ್ತಿದ್ದ ಹೆಂಡತಿ ನಡೀನ್ ಹೇಳಿದಳು.

"ಪ್ರಮಾಣಪತ್ರ ಇದೆ ಕಣೇ!"

"ಹೌದೌದು. ಕಾಗದ ಅಂತೂ ಅಸಲಿ."

ಅವಳನ್ನು ದುರುಗುಟ್ಟಿ ನೋಡಿ, ಭೂತಗನ್ನಡಿ ಹಿಡಿದು ಕಲ್ಲಿನ ಬುಡ ನೋಡಿದ. ಅಲ್ಲಿ ಉಜ್ಜಿದ ಜಾಗವಿತ್ತು. ಅದರ ಅಂಚಿನಲ್ಲಿ ಯಾವುದೋ ಅಕ್ಷರದ ಬಾಲ. ಆಮೇಲೆ ಕಲ್ಲಿನ ಎಡಗಿವಿಯ ಕೆಳಗಿನ ಏಟಿನ ಗುರುತು ಕಣ್ಣಿಗೆ ಬಿತ್ತು. ಅಗಲವಾಗಿ, ಒಂದೇ ಸಲಕ್ಕೆ, ಧೈರ್ಯವಾಗಿ ಎಬ್ಬಿಸಿದ ಚಕ್ಕೆ. ಹಾಗೆ ಹೊಡೆಯುವವನು ಜಗತ್ತಿನಲ್ಲಿ ಒಬ್ಬನೇ. ಚಿಕ್ಕವನಾಗಿದ್ದಾಗ ಪಕ್ಕದಲ್ಲಿ ಕೂತು ಆ ಏಟನ್ನು ಗಾಲೆನ್ ಸಾವಿರ ಸಲ ನೋಡಿದ್ದ. ಭೂತಗನ್ನಡಿ ಕೆಳಗಿಟ್ಟು ಪಾರ್ಸೆಲ್ಲಿನ ಕಾಗದಗಳನ್ನು ಕೆದಕತೊಡಗಿದ.

ಮಾರಿದವನ ಕರಾರಿನಲ್ಲಿ ಒಂದು ಸಾಲಿತ್ತು: ಮಾಡಿದವನೇ ತನ್ನದೆಂದು ಬರೆದು ಸಹಿ ಹಾಕಿಕೊಟ್ಟರೆ, ಏಳು ದಿನದೊಳಗೆ ಪೂರ್ತಿ ಹಣ ವಾಪಸ್. ಮಾಡಿದವನು ಯಾವತ್ತೂ ಬರುವುದಿಲ್ಲವೆಂಬ ನಂಬಿಕೆಯ ಮೇಲೆ ಬರೆದ ಉದಾರ ಸಾಲು. ಬುಧವಾರ ಬೆಳಿಗ್ಗೆ ಗಾಲೆನ್ ಅಣ್ಣನ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ.

"ಓಹೋ, ಯಾರಪ್ಪಾ ಇದು!" ಒರಿನ್ ಕುರ್ಚಿ ಬಿಟ್ಟು ಏಳಲಿಲ್ಲ. "ದಾರಿ ತಪ್ಪಿತಾ?"

ಗಾಲೆನ್ ಕಲ್ಲನ್ನು ಮೇಜಿನ ಮೇಲಿಟ್ಟ. ಒರಿನ್ ಬಗ್ಗಿ ನೋಡಿದ. ಎಡಗೈಯಿಂದ ತಿರುಗಿಸಿ ಬುಡ ನೋಡಿದ.

"ನಂದೇ. ಎಂಟು ವರ್ಷದ ಹಿಂದಿನದು. ಅರವತ್ತು ಡಾಲರ್‌ಗೆ ಕೊಟ್ಟಿದ್ದೆ. ನೀನೆಷ್ಟಕ್ಕೆ ತಗೊಂಡೆ?"

"ನಾಲ್ಕು ಸಾವಿರ."

ಒರಿನ್ ಕೆಮ್ಮು ಬರುವಷ್ಟು ನಕ್ಕ. "ನಾನು ಮಾಡಿದ್ದು ಅಂದ್ರೆ ಅರವತ್ತು, ಯಾರೋ ಸತ್ತವನು ಮಾಡಿದ್ದು ಅಂದ್ರೆ ನಾಲ್ಕು ಸಾವಿರ! ಸರಿ, ನಿನ್ನ ಕಾಗದಕ್ಕೆ ಸಹಿ ಹಾಕ್ತೀನಿ. ಆದ್ರೆ ಮೊದಲು ನಿನ್ನ ಬಳಗದಲ್ಲಿ ಬರಿ. ಒರಿನ್ ಟೇಬರ್ ನನ್ನನ್ನ ಮೋಸಗೊಳಿಸೋ ಅಂಥ ಕಲ್ಲು ಮಾಡಿದಾನೆ ಅಂತ."

"ನನ್ನ ಮರ್ಯಾದೆ ಏನಾಗ್ಬೇಕೋ?"

"ನನ್ನದು ಏನಾಯ್ತೋ ಅದೇ."

ಹಲ್ಲು ಕಚ್ಚಿಕೊಂಡು ಅಲ್ಲೇ ಕೂತು ಗಾಲೆನ್ ಫೋನಿನಲ್ಲಿ ಬರೆದ. ಕಲ್ಲು ಹೊಸದು, ಅಣ್ಣ ಮಾಡಿದ್ದು, ನಾನು ಮೋಸ ಹೋದೆ. ಒತ್ತಿದ. ಬೈಗುಳದ ಮಳೆಗೆ ತಲೆಯೊಡ್ಡಿ ಕಾದ.

ಬೈಗುಳ ಬರಲಿಲ್ಲ. ಯಾರೂ ನಂಬಲೇ ಇಲ್ಲ. 'ಗಾಲೆನ್ ಸಾರ್ ಖಾತೆಗೆ ಯಾರೋ ಕನ್ನ ಹಾಕಿದ್ದಾರೆ' ಎಂದು ಒಬ್ಬ. 'ಪ್ರಮಾಣಪತ್ರವಿರುವ ಕಲ್ಲನ್ನು ಆ ಒರಿನ್ ತನ್ನದೆಂದು ಹೇಳಿಕೊಳ್ಳುತ್ತಿದ್ದಾನೆ, ಎಷ್ಟು ಸೊಕ್ಕು ನೋಡಿ' ಎಂದು ಇನ್ನೊಬ್ಬ. ಮೂರನೆಯವನು ಗಾಲೆನ್ನನ ಹಳೇ ವಾಕ್ಯವನ್ನೇ ಎತ್ತಿ ಅಂಟಿಸಿದ, ಕುರುಡು ಕೋಳಿಯ ಸಮೇತ. ಅದಕ್ಕೆ ನಾನೂರು ಮೆಚ್ಚುಗೆ. ಯಾರನ್ನೂ ನಂಬಬೇಡಿ ಎಂದು ಒಂಬತ್ತು ಸಾವಿರ ಜನಕ್ಕೆ ಪಾಠ ಹೇಳಿದ್ದನಲ್ಲ, ಎಲ್ಲರೂ ಚೆನ್ನಾಗಿಯೇ ಕಲಿತಿದ್ದರು.

ಒರಿನ್ ಕನ್ನಡಕ ಏರಿಸಿ ಎಲ್ಲವನ್ನೂ ಓದಿದ. ಈ ಸಲ ನಗಲಿಲ್ಲ.

"ನಾನು ಮಾಡಿದ್ದರಲ್ಲೆಲ್ಲ ಅದೇ ಒಳ್ಳೇದು, ಗಾಲೆನ್."

"ಬಿಡೋ, ಈ ಕತ್ತೆಗಳ ಮಾತು! ಇನ್ನೊಂದು ಮಾಡು. ಈಗಲೇ ಮಾಡು, ನಾನು ವಿಡಿಯೊ ತೆಗೀತೀನಿ. ಎಲ್ಲರ ಬಾಯಿ ಮುಚ್ಚಿಸೋಣ."

ಒರಿನ್ ಮೇಜಿನ ಕೆಳಗಿದ್ದ ಬಲಗೈಯನ್ನು ಮೇಲೆತ್ತಿ ಅವನ ಮುಂದೆ ಹಿಡಿದ. ಕೈ ನಡುಗುತ್ತಿತ್ತು. ಅವನು ನಿಲ್ಲಿಸಲು ನೋಡಿದಷ್ಟೂ ಜಾಸ್ತಿ ನಡುಗಿತು.

"ಯಾವಾಗಿಂದ?" ಗಾಲೆನ್ನನ ದನಿ ಇಳಿದಿತ್ತು.

"ನೀನು ನನ್ನನ್ನ ಹೊರಗೆ ಹಾಕಿದ್ಯಲ್ಲ, ಆ ಚಳಿಗಾಲದಿಂದ."

ಎರಡು ವರ್ಷ ಈ ಕೊಟ್ಟಿಗೆಯ ಮುಂದೆಯೇ ವಾರಕ್ಕೆರಡು ಸಲ ಗಾಡಿ ಓಡಿಸಿದ್ದ ಗಾಲೆನ್. ಕಲ್ಲು ಬಡಿಯುವ ಸದ್ದು ನಿಂತಿದ್ದನ್ನು ಗಮನಿಸಿಯೂ ಇದ್ದ. ಅಣ್ಣನಿಗೆ ಕೊನೆಗೂ ಬುದ್ಧಿ ಬಂತೆಂದು ಖುಷಿಪಟ್ಟಿದ್ದ. ಕಲ್ಲಿನ ಮೇಲಿನ ಕೂದಲೆಳೆಯ ಗೀರು ನೋಡಿ ಅದರ ಜಾತಕ ಹೇಳುವ ಮಹಾನುಭಾವ! ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಒರಿನ್ ಅಂಕುಡೊಂಕಾಗಿ ಕಾಗದಕ್ಕೆ ಸಹಿ ಹಾಕಿ ಅವನ ಕಡೆ ತಳ್ಳಿದ. "ತಗೋ. ವಾಪಸ್ ಕಳಿಸು."

"ಕಳಿಸಿದ್ರೆ ಅವನು ಮತ್ತೆ ಹಳೇದು ಅಂತ ಇನ್ನೊಬ್ಬನಿಗೆ ಮಾರ್ತಾನೆ."

"ಮಾರ್ಲಿ ಬಿಡೋ. ಯಾರದೋ ಗಾಜಿನ ಪೆಟ್ಟಿಗೇಲಿ ಗೌರವವಾಗಿ ಇರುತ್ತೆ. ನಾಲ್ಕು ಸಾವಿರ ಕಣೋ, ನಡೀನ್ ನಿನ್ನ ಚರ್ಮ ಸುಲೀತಾಳೆ."

"ಸುಲೀಲಿ," ಎಂದು ಗಾಲೆನ್ ಕಲ್ಲನ್ನು ಜೇಬಿಗಿಳಿಸಿದ. ಕಾಗದ ಮೇಜಿನ ಮೇಲೆಯೇ ಉಳಿಯಿತು.

ಭಾನುವಾರ ಮೇಳದ ಸಭಾಂಗಣದಲ್ಲಿ ಉದ್ದುದ್ದ ಮೇಜುಗಳು, ಗಾಜಿನ ಪೆಟ್ಟಿಗೆಗಳು, ಕಾಫಿ, ಬೇಯಿಸಿದ ಸಾಸೇಜಿನ ವಾಸನೆ. ಗಾಲೆನ್ ಅಣ್ಣನನ್ನು ಬಲವಂತವಾಗಿ ಗಾಡಿಗೆ ಹತ್ತಿಸಿಕೊಂಡು ಬಂದಿದ್ದ. ಮೇಳದ ಮುಖ್ಯಸ್ಥ ವೆಂಡೆಲ್ ಗಾಲೆನ್ನನ ಮೇಜಿನ ಬಳಿ ಬಂದು, ತೆರೆದ ಪೆಟ್ಟಿಗೆಯೊಳಗಿನ ಕಲ್ಲಿನತ್ತ ಕೈಚಾಚಿ ಬಗ್ಗಿದ.

"ಅಬ್ಬಬ್ಬಾ! ಏನು ಕೈ ಮಾರಾಯ ಇದನ್ನ ಮಾಡಿದವನದು! ಈಗಿನ ಕಾಲದಲ್ಲಿ ಇಂಥ ಕೆಲಸ ಎಲ್ಲಿ ಬರ್ಬೇಕು?" ಎಂದವನು ಕೆಳಗಿದ್ದ ಚೀಟಿ ಓದಿದ. 'ಒರಿನ್ ಟೇಬರ್ ಮಾಡಿದ್ದು. ಎಂಟು ವರ್ಷ ಹಳೆಯದು.' ಬಿಸಿ ಬಾಣಲೆ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಸುತ್ತ ಸೇರಿದ್ದ ನಾಲ್ಕಾರು ಮಂದಿಯೂ ಚೀಟಿ ಓದಿ, ಇದ್ದಕ್ಕಿದ್ದಂತೆ ಪಕ್ಕದ ಮೇಜಿನ ಕಡೆ ತಿರುಗಿದರು.

"ತೆಗೀಬೇಕು, ಗಾಲೆನ್," ವೆಂಡೆಲ್ ತಗ್ಗಿದ ದನಿಯಲ್ಲಿ ಹೇಳಿದ. "ಹೊಸ ಕಲ್ಲು ಇಡಬಾರದು ಅಂತ ನಿಯಮ ಬರೆದಿದ್ದೇ ನೀನು. ನಕಲಿ ಆದ್ರೂ ಚೆನ್ನಾಗಿದೆ, ಬಿಡು."

"ಅದು ನಕಲಿ ಅಲ್ಲ," ಎಂದ ಗಾಲೆನ್. "ನಮ್ಮಣ್ಣ ಮಾಡಿದ್ದು."

"ಬಾರೋ, ಹೋಗೋಣ," ಒರಿನ್ ಹಿಂದಿನಿಂದ ಅಂಗಿ ಜಗ್ಗಿದ. "ಎಲ್ಲರೂ ನೋಡ್ತಿದಾರೆ."

ನಿಜ, ಸಭಾಂಗಣವೆಲ್ಲ ಇವರ ಕಡೆಯೇ ನೋಡುತ್ತಿತ್ತು. ಗಾಲೆನ್ ಪೆಟ್ಟಿಗೆ ಮುಚ್ಚಲಿಲ್ಲ. ಕೊನೆಯ ಮೇಜಿನವರಿಗೂ ಕೇಳಲೆಂದು ಅದೇ ಮಾತನ್ನು ಇನ್ನೊಂದು ಸಲ, ಗಂಟಲೆತ್ತಿ ಹೇಳಿದ.