ಮೂರು ಹೊತ್ತಿನ ಗುಳಿಗೆ

“ಇದು ನಾ ತಂದ ಗುಳಿಗಿ ಅಲ್ಲ! ಯಾವ ಭಾಡ್ಯಾ ಬದಲಿ ಮಾಡ್ಯಾನ, ಈಗಿಂದೀಗ ಹೇಳ್ರಿ!”

ಮಾರೆಪ್ಪ ಕೈಯಲ್ಲಿದ್ದ ರಟ್ಟಿನ ಡಬ್ಬಿಯನ್ನು ಅಂಗಳದಲ್ಲಿ ಬೋರಲು ಹಾಕಿದ. ಹೆಣ ಮೀಯಿಸಿದ ನೀರಿನ್ನೂ ಆರಿರಲಿಲ್ಲ. ಬಿಳಿ ಗುಳಿಗೆಗಳು ಆ ರಾಡಿಯಲ್ಲಿ ಉರುಳಿ ನಿಂತವು. ಹಲಗೆ ಬಾರಿಸುತ್ತಿದ್ದವರು ಕೈ ತಡೆದರು. ಅವನ ಅಕ್ಕ ಗದ್ದೆಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ತಲೆ ವಾಲದಂತೆ ಗಲ್ಲಕ್ಕೆ ಬಟ್ಟೆ ಕಟ್ಟಿತ್ತು.

“ಹೆಣದ ಮುಂದ ಯಾಕ ಒದರ್ತೀಯೋ?” ಎಂದಳು ಪಕ್ಕದ ಮನೆಯ ತಿಮ್ಮವ್ವ. ಈ ಹತ್ತಿ ಜಿನ್ನಿನ ಓಣಿಯಲ್ಲಿ ಯಾರೇ ಸಾಯಲಿ, ಮುಂದೆ ನಿಂತು ಮಾಡಿಸುವವಳು ಅವಳೇ. ಸತ್ತವರು ಕಡೆಗೆ ಏನು ಬೇಡಿದ್ದರೋ ಅದನ್ನು ಕುಣಿಯಲ್ಲಿ ಜೊತೆಗಿಡಬೇಕು, ಎಲೆ ಅಡಿಕೆ, ತಂಬಾಕು, ಏನಿದ್ದರೆ ಅದು. ಗದ್ದೆಮ್ಮ ಬೇಡುತ್ತಿದ್ದದ್ದು ನೋವಿನ ಗುಳಿಗೆ. “ನಿನ್ನ ಕೈಲೆ ನಾಕು ಗುಳಿಗಿ ತಗೀಪಾ, ತಮ್ಮನ ಕೈಲೆ ಆಗಲಿ” ಎಂದು ಡಬ್ಬಿಯನ್ನು ಅವನ ಕೈಗೆ ಕೊಟ್ಟವಳೂ ಅವಳೇ.

ಮಾರೆಪ್ಪ ದೇವದುರ್ಗದ ತಾಲೂಕು ಕಚೇರಿಯಲ್ಲಿ ಜವಾನ. ಹತ್ತು ತಿಂಗಳಿಂದ ಪ್ರತಿ ಪಗಾರಕ್ಕೆ ರಾಯಚೂರಿಗೆ ಬಂದು, ತೀನ್ ಕಂದೀಲ್ ಚೌಕದ ದೊಡ್ಡ ಅಂಗಡಿಯಲ್ಲಿ ವಿಲಾಯತಿ ಕಂಪನಿಯ ಹಳದಿ ಗುಳಿಗೆಯನ್ನೇ ಕೊಂಡು ಅಕ್ಕನ ಕೈಗಿಟ್ಟು ಹೋಗುತ್ತಿದ್ದ. ಡಬ್ಬಿ ಅದೇ ಕಂಪನಿಯದು. ಒಳಗೆ ಮಾತ್ರ ಹಳದಿಯ ಒಂದು ಚೂರೂ ಇರಲಿಲ್ಲ.

“ನಾ ಬದಲಿ ಮಾಡೀನಿ” ಎಂದಳು ಆದೆಮ್ಮ.

ಆದೆಮ್ಮ ಸತ್ತವಳ ಒಬ್ಬಳೇ ಮಗಳು. ಮಾನ್ವಿಗೆ ಕೊಟ್ಟಿದ್ದರು. ತಾಯಿಯ ಸೊಂಟದೊಳಗೆ ಗಂಟು ಬೆಳೆದಿದೆ, ಕೊಯ್ಯಲು ಬರುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿದ ದಿನದಿಂದ ಗಂಡನ ಮನೆ ಬಿಟ್ಟು ಇಲ್ಲೇ ಇದ್ದಳು.

“ನೀನಾ?”

“ಹೌದು ಮಾಮಾ. ನೀ ತಂದದ್ದು ಪಾಷಾ ಸಾಬ್ರ ಅಂಗಡಿಗಿ ಕೊಟ್ಟು ಇದನ್ನ ತರತಿದ್ದೆ.”

“ಇದನ್ನ ಅಂದ್ರ ಯಾವುದನ್ನ? ಹೆಸರಿಲ್ಲ, ಪಟ್ಟಿ ಇಲ್ಲ, ಸೀಸೆದಾಗಿಂದ ಬೊಗಸಿಗಟ್ಟಲೆ ಸುರದಿದ್ದನ್ನ? ಸಂತ್ಯಾಗಿನ ಫುಟಾಣಿ ಏನ ಇದು? ನಿಮ್ಮವ್ವಗ ಸುಣ್ಣದ ಹಳ್ಳು ನುಂಗಿಸಿ ಕೊಂದೀ ಏನಬೇ?”

“ಮಾರೆಪ್ಪ, ಹೊತ್ತು ಏರಾಕತ್ತದ” ಎಂದ ಬೂದೆಪ್ಪ, ಸತ್ತವಳ ಗಂಡ. ಹತ್ತಿಯ ಜಿನ್ನಿನಲ್ಲಿ ಅಂಡಿಗೆ ಹೊತ್ತು ಹೊತ್ತು ಅವನ ಕುತ್ತಿಗೆ ಹೆಗಲೊಳಗೆ ಇಳಿದುಹೋಗಿತ್ತು. ಗಟ್ಟಿಯಾಗಿ ಮಾತಾಡಿದ್ದನ್ನು ಓಣಿಯವರು ಯಾರೂ ಕೇಳಿರಲಿಲ್ಲ. “ಸೀರಿ ಹಾಕಿಬಿಡು. ಎತ್ತೋಣು.”

ತವರಿನ ಸೀರೆ ಮಾರೆಪ್ಪನ ಕಂಕುಳಲ್ಲಿತ್ತು. ಮುತ್ತೈದೆ ಸತ್ತರೆ ತವರಿನವರು ಸೀರೆ ಹೊದಿಸಬೇಕು, ಆಮೇಲೆಯೇ ಸಿದಿಗೆ ಎತ್ತುವುದು. ಗದ್ದೆಮ್ಮನ ತವರು ಅಂತ ಉಳಿದದ್ದು ಇವನೊಬ್ಬನೇ.

“ಮೊದಲ ಜವಾಬು ಬೇಕು, ಬೂದೆಪ್ಪ ಮಾವ. ಆಮ್ಯಾಲ ಸೀರಿ. ಜವಾಬು ಸಿಗೂತನಕ ಯಾವನ ಎತ್ತತಾನ ನೋಡ್ತೀನಿ” ಎಂದು ಮಾರೆಪ್ಪ ಸೀರೆಯ ಪೊಟ್ಟಣವನ್ನು ಇನ್ನಷ್ಟು ಒತ್ತಿ ಹಿಡಿದ.

*

ಅಪ್ಪ ಅವ್ವ ಸತ್ತಾಗ ಮಾರೆಪ್ಪ ಇನ್ನೂ ಚಡ್ಡಿ ಹಾಕುವ ಹುಡುಗ. ಗದ್ದೆಮ್ಮ ಅವನನ್ನು ತನ್ನ ಜೊತೆ ರಾಯಚೂರಿಗೆ ತಂದಳು. ಜಿನ್ನಿನ ಧೂಳು ಕುಡಿದು, ಬೀಜ ಬೇರೆಯಾದ ಹತ್ತಿಯನ್ನು ತುಳಿದು, ಅವನನ್ನು ಏಳನೇ ಇಯತ್ತೆ ಪಾಸು ಮಾಡಿಸಿದಳು. ಸರಕಾರಿ ಖಾಕಿ ಹಾಕಿಕೊಂಡು ಅವನು ಮೊದಲ ಸಲ ಬಂದಾಗ ಓಣಿಯ ಮನೆ ಮನೆಗೂ ಕರೆದೊಯ್ದು ತೋರಿಸಿದ್ದಳು.

ದವಾಖಾನೆಯ ಡಾಕ್ಟರು ಹಳದಿ ಗುಳಿಗೆ ಬರೆದುಕೊಟ್ಟು, “ದಿನಕ್ಕೆ ಮೂರು. ಇದೇ ಕಂಪನಿಯದು, ಬೇರೆ ತರಬೇಡಿ” ಎಂದಿದ್ದರು. ಅಂಗಡಿಯಲ್ಲಿ ಬೆಲೆ ಕೇಳಿ ಮಾರೆಪ್ಪನ ಮುಖ ಇಳಿಯಿತು. ಅವನ ಪಗಾರದಲ್ಲಿ ದಿನಕ್ಕೊಂದರಂತೆ ತರುವುದೇ ಹೆಚ್ಚು. ಅದನ್ನು ಹೇಳಲಾರದೆ ಅವನು ನಿಂತಿದ್ದಾಗ ಗದ್ದೆಮ್ಮನೇ, “ಒಂದು ಸಾಕೋ. ಮೂರು ನುಂಗಾಕ ನಾನೇನು ದನ ಏನು?” ಎಂದು ನಕ್ಕಳು.

ಅವನು ಆ ಮಾತನ್ನು ನಂಬಿದ. ನಂಬುವಂತೆ ಮಾಡಿದವಳು ಅವಳೇ.

ಅವನು ಬರುವ ಐತವಾರ ಬೆಳಿಗ್ಗೆ ಗದ್ದೆಮ್ಮ ಗುಳಿಗೆ ನುಂಗುತ್ತಿರಲಿಲ್ಲ. ಹೊರಸಿನ ಹಗ್ಗ ಹಿಡಿದು, ಸೆರಗನ್ನು ಬಾಯಲ್ಲಿ ತುರುಕಿಕೊಂಡು ಬಿದ್ದಿರುತ್ತಿದ್ದಳು. ಆದೆಮ್ಮ ಗುಳಿಗೆ ನೀರು ತಂದರೆ ಕೈಯಿಂದ ದಬ್ಬುತ್ತಿದ್ದಳು.

“ಈಗ ನುಂಗಿದ್ರ ಅವ ಬರೋ ಹೊತ್ತಿಗಿ ಕಸುವು ಇಳೀತದ. ದೇವದುರ್ಗದ ಬಸ್ಸು ಬರೋ ಹೊತ್ತಾಗಲಿ, ಆಗ ಕೊಡು.”

“ಸಾಯ್ತೀಯಬೇ ಯವ್ವಾ!”

“ಸಾಯಲ್ಲ. ತಡಿ.”

ಬಸ್ಸಿನ ಹೊತ್ತಿಗೆ ಗುಳಿಗೆ ನುಂಗಿ, ಮುಖ ತೊಳೆಸಿಕೊಂಡು, ತಲೆ ಬಾಚಿಸಿಕೊಂಡು, ಗೋಡೆಗೆ ಒರಗಿ ಕೂಡುತ್ತಿದ್ದಳು. ತಮ್ಮ ಬಂದು ನೋಡಿದರೆ ಅಕ್ಕ ನಗುತ್ತಾಳೆ, ಅವನ ಹೆಂಡತಿಯ ಅಡಿಗೆಯನ್ನು ಆಡಿಕೊಳ್ಳುತ್ತಾಳೆ, ನಿನ್ನ ಹೊಟ್ಟೆ ಸಾಹೇಬರ ಹೊಟ್ಟೆಗಿಂತ ಮುಂದೆ ಬಂದಿದೆ ಎಂದು ತಿವಿಯುತ್ತಾಳೆ. ಮಾರೆಪ್ಪ ಕಚೇರಿಗೆ ಮರಳಿ ಎಲ್ಲರೆದುರು ಹೇಳುತ್ತಿದ್ದ: ಅಸಲಿ ಮಾಲು ಅಂದರೆ ಅಸಲಿ, ಒಂದೇ ಗುಳಿಗೆಗೆ ನಮ್ಮಕ್ಕ ಎದ್ದು ಕೂಡುತ್ತಾಳೆ.

ಅವನು ಓಣಿಯ ತಿರುವು ದಾಟಿದ ಮೇಲೆ ಅವಳು ಮತ್ತೆ ಸೆರಗು ಬಾಯಲ್ಲಿ ತುರುಕಿಕೊಳ್ಳುತ್ತಿದ್ದಳು.

*

ಮೆಹಬೂಬ್ ಪಾಷಾ ಸೇವಂತಿಗೆ ಹಾರ ಹಿಡಿದು ಅಂಗಳಕ್ಕೆ ಬಂದದ್ದೇ ತಪ್ಪಾಯಿತು. ಓಣಿಯ ಬಾಯಿಗೆ ಅವನದೊಂದು ಸಣ್ಣ ಔಷಧಿ ಅಂಗಡಿ. ಹಾರ ಇನ್ನೂ ಕೈಯಲ್ಲಿರುವಾಗಲೇ ಮಾರೆಪ್ಪ ಅವನ ಅಂಗಿಯ ಕಾಲರ್ ಹಿಡಿದ.

“ಬರ್ರಿ ಸಾಬ್ರೆ, ಬರ್ರಿ. ಮಾಡಿದ್ದನ್ನ ನೋಡಾಕ ಬಂದಿರಿ?”

“ಕೈ ಬಿಡ್ರಿ ಮಾರೆಪ್ಪನೋರೆ. ಮಯ್ಯತ್ತಿನ ಮನಿ ಇದು, ಸಾವಿನ ಮನಿ.”

“ನಕಲಿ ಮಾಲು ಮಾರೋವಾಗ ಮಯ್ಯತ್ತು ನೆನಪಿರಲಿಲ್ಲೇನು?”

“ನಕಲಿ ಅಲ್ಲ” ಎಂದ ಪಾಷಾ. ಕಾಲರ್ ಬಿಡಿಸಿಕೊಂಡು, ಹಾರವನ್ನು ಹೆಣದ ಕಾಲ ಬಳಿ ಇಟ್ಟು ಬಂದು ನಿಂತ. “ಅದರಾಗ ಇರೋ ದವಾನ ಇದರಾಗೂ ಅದ. ಮೊದಲ ಆ ದವಾ ಮಾಡೋ ಹಕ್ಕು ಅವರೊಬ್ಬರದ ಇತ್ತು. ಬ್ಯಾರೇದವ್ರು ಮಾಡಿದ್ರ ಕೋರ್ಟಿಗಿ ಎಳೀತಿದ್ರು. ಸರಕಾರ ಕಾನೂನು ಬದಲಿ ಮಾಡ್ತು. ಬ್ಯಾರೆ ರೀತೀಲೆ ಅದ ದವಾ ಮಾಡಾಕ ಬರ್ತದ ಈಗ. ಹೈದರಾಬಾದಿನಾಗ ಮಾಡಾಕತ್ತಾರ. ಅದಕ್ಕ ಸಸ್ತಾ.”

“ಕಾನೂನು ನನಗ ಹೇಳಬ್ಯಾಡ. ನಾ ತಾಲೂಕು ಕಚೇರಿಯಾಗ ಇರೋದು.”

“ಬಾಗಲಾ ಕಾಯಾಕ” ಎಂದಳು ತಿಮ್ಮವ್ವ. ಯಾರೋ ಕಿಸಕ್ಕೆಂದರು.

ಮಾರೆಪ್ಪನ ಮುಖ ಕಪ್ಪಿಟ್ಟಿತು. “ನಗ್ರಿ. ಸಸ್ತಾ ಅಂದ್ರ ಏನು ಅಂತ ನನಗ ಗೊತ್ತದ. ನನ್ನ ಹಿರೇ ಮಗಗ ಜ್ವರ ಬಂದಾಗ ಸಂತ್ಯಾಗ ಕುಂತವನ ಕಡೆ ಸಸ್ತಾ ಪುಡಿ ತಂದು ಕುಡಿಸಿದ್ದೆ. ಬೆಳಕು ಹರಿಯೂದ್ರಾಗ ಕೂಸು ನೀಲಿ ಆಗಿತ್ತು. ನನ್ನ ಕೈಲೆ ಕುಡಿಸೀನಿ. ಆವತ್ತು ಇದ ಅಕ್ಕನ ಮಡಿಲಾಗ ತಲಿ ಇಟ್ಟು ಆಣಿ ಮಾಡೀನಿ, ನನ್ನ ರಕ್ತ ಹಂಚಿಕೊಂಡೋರ ಬಾಯಿಗಿ ಇನ್ನ ಸಸ್ತಾ ದವಾ ಹೋಗಾಕ ಬಿಡಲ್ಲ ಅಂತ.” ಅವನು ಪಾಷಾನ ಕಡೆ ತಿರುಗಿದ. “ನಾ ತಂದ ಅಸಲಿ ಮಾಲು ನೀ ಬ್ಯಾರೇದವ್ರಿಗಿ ಮಾರಿಕೊಂಡಿ. ಇದರಾಗೂ ನಿನಗ ಲಾಭ, ಅದರಾಗೂ ಲಾಭ. ಹೌದೋ ಅಲ್ಲೋ?”

“ಹೌದು. ಲಾಭ ಅದ. ಸುಳ್ಳ್ಯಾಕ ಹೇಳ್ಲಿ? ಅಂಗಡಿ ಇಟ್ಟು ಕುಂತೀನಿ, ದರ್ಗಾದಾಗ ಕುಂತಿಲ್ಲ.”

“ಕೇಳಿದ್ರಲ್ಲ! ತನ್ನ ಬಾಯೀಲೆ ಒಪ್ಪಿಕೊಂಡ!”

ಜನರೊಳಗೆ ಗುಜುಗುಜು ಎದ್ದಿತು. ಮಾನ್ವಿಯಿಂದ ಬಂದಿದ್ದ ಆದೆಮ್ಮನ ಅತ್ತೆ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಆ ಪಕ್ಕದವಳು ಆದೆಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತಾಯಿಗೆ ವಿಷ ಹಾಕಿದ ಮಗಳು. ಈ ಮಾತು ತನಗಿಂತ ಮೊದಲು ಮಾನ್ವಿ ಮುಟ್ಟುತ್ತದೆ ಎಂದು ಆದೆಮ್ಮನಿಗೆ ತಿಳಿಯಿತು. ಬಾಯಿ ಬಿಟ್ಟರೆ ತಾಯಿಗೆ ಕೊಟ್ಟ ಮಾತು ಹೋಗುತ್ತದೆ. ಬಿಡದಿದ್ದರೆ ಹೆಣ ಏಳುವುದಿಲ್ಲ.

*

ಹೀಗೇ ಕೆಲವು ತಿಂಗಳು ಕಳೆದ ಮೇಲೆ, ಬಿಳಿ ಗುಳಿಗೆಯನ್ನು ಮೊದಲು ತಂದ ದಿನ ಗದ್ದೆಮ್ಮ ಅದನ್ನು ಅಂಗೈಯಲ್ಲಿಟ್ಟು ಮೂಸಿ ನೋಡಿದ್ದಳು.

“ಇದಕ್ಕ ಬಣ್ಣನೂ ಇಲ್ಲಲ್ಲಬೇ.”

“ಬ್ಯಾಡಂದ್ರ ಬ್ಯಾಡ ಬಿಡು. ಆ ಒಂದು ಡಬ್ಬಿಗಿ ಇದರವು ಮೂರು ಡಬ್ಬಿ ಆಗ್ತಾವ ಅಂದ್ರು ಪಾಷಾ ಸಾಬ್ರು. ಡಾಕ್ಟರ ಹೇಳಿದಂಗ ಮೂರು ಹೊತ್ತು ನುಂಗಬಹುದು.”

ನುಂಗಿ ಮಲಗಿದಳು. ಆದೆಮ್ಮ ಪಕ್ಕದಲ್ಲೇ ಕೂತು ಜೋಳ ಹಸನು ಮಾಡುತ್ತ ತಾಯಿಯ ಮುಖ ನೋಡುತ್ತಿದ್ದಳು. ಮೊರದಲ್ಲಿ ಕಲ್ಲು ಯಾವುದು ಕಾಳು ಯಾವುದು ಅವಳಿಗೆ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಗದ್ದೆಮ್ಮನ ಮುಷ್ಟಿ ಸಡಿಲಾಯಿತು. ಹೊರಸಿನ ಹಗ್ಗ ಬಿಟ್ಟಳು. ಮಧ್ಯಾಹ್ನ ಎರಡನೆಯದು, ಮಲಗುವಾಗ ಮೂರನೆಯದು. ಮರುದಿನ ಬಿಸಿಲು ಅಂಗಳಕ್ಕಿಳಿದರೂ ಎದ್ದಿರಲಿಲ್ಲ. ಬೂದೆಪ್ಪ ಹೆದರಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದ. ಅವಳು ಕಣ್ಣು ಬಿಟ್ಟು, “ನಿದ್ದಿ ಮಾಡಾಕ ಬಿಡವಲ್ಲಿ ಏನೋ ನನಗ” ಎಂದು ಬೈದಳು. ಬೂದೆಪ್ಪ ಹಿತ್ತಲಿಗೆ ಹೋಗಿ ಅತ್ತ.

ಆಮೇಲೆ ಗದ್ದೆಮ್ಮ ಮಗಳ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. “ಅವಗ ಹೇಳಬ್ಯಾಡ. ಕೂಸು ಸತ್ತಾಗಿಂದ ಅವಗ ಸಸ್ತಾದ್ದು ಅಂದ್ರ ಅಂಜಿಕಿ. ಅವ ತರಲಿ. ಅವನ ಸಮಾಧಾನಕ್ಕ ಅದು, ನನ್ನ ನೋವಿಗಿ ಇದು.”

*

“ಮಾಮಾ,” ಎಂದಳು ಆದೆಮ್ಮ. “ನೀ ತಂದ ಗುಳಿಗಿ ದಿನಕ್ಕ ಒಂದು. ಒಂದು ಗುಳಿಗಿ ಊಟದ ಹೊತ್ತಿನ ಮಟ. ಆಮ್ಯಾಲ ನಿಮ್ಮಕ್ಕ ಏನು ಮಾಡ್ತಿದ್ದಳು, ಎಂದಾರ ಕೇಳೀ ಏನು?”

“ಕೇಳ್ಲಿಲ್ಲಾ? ಬಂದಾಗೊಮ್ಮಿ ಕೇಳೀನಿ. ಆರಾಮ ಅದೀನಿ ಅಂತಿದ್ದಳು. ನಗತಿದ್ದಳು. ನಾ ಕಣ್ಣಾರೆ ನೋಡೀನಿ.”

“ನೀ ಬರೋ ಐತವಾರ ಆ ಒಂದು ಗುಳಿಗಿ ನಿನ್ನ ಬಸ್ಸಿನ ಹೊತ್ತಿಗಿ ಇಟ್ಟುಕೊಂಡು ನುಂಗತಿದ್ದಳು. ಮುಂಜಾನಿಂದ ಸೆರಗು ಕಚಗೊಂಡು ಬಿದ್ದಿರತಿದ್ದಳು, ನಿನಗ ನಕ್ಕು ತೋರಿಸಾಕ. ನೀ ಹ್ವಾದ ಮ್ಯಾಲ ಮತ್ತ ಅದ. ಸೆರಗಿಗಿ ತೂತು ಬಿದ್ದಾವ, ಆ ಸೀರಿ ಒಳಗ ಅದ, ತೋರಿಸ್ಲ್ಯಾ?”

“ಸುಳ್ಳು.”

“ನಾ ಗ್ವಾಡಿ ಆಚಿ ಮನ್ಯಾಕಿ” ಎಂದಳು ತಿಮ್ಮವ್ವ. ಈ ಸಲ ತಿವಿತವಿರಲಿಲ್ಲ. “ಆಕಿ ನರಳೋದು ಕೇಳಲಾರದ ನಾ ಮಗಳ ಊರಿಗಿ ಹೋಗಿ ಕುಂತಿದ್ದೆ. ಈ ಬಿಳಿ ಗುಳಿಗಿ ಬಂದ ಮ್ಯಾಲ ತಿರುಗಿ ಬಂದೀನಿ. ಸುಳ್ಳಲ್ಲಪ್ಪ.”

“ಸಾಯೂತನಕ ಮೂರು ಹೊತ್ತು ಇದನ್ನ ನುಂಗಿ ನಿದ್ದಿ ಮಾಡ್ಯಾಳ ನಮ್ಮವ್ವ” ಎಂದಳು ಆದೆಮ್ಮ. “ನಾ ಕೊಂದಿಲ್ಲ ಮಾಮಾ. ನೋವು ಕೊಟ್ಟಿದ್ದು ನಿನ್ನ ಹಳದಿ ಗುಳಿಗಿ.”

ಕೊನೆಯ ಮಾತು ಆಡಬಾರದಿತ್ತು. ಆಡಿದ ಮೇಲೆ ಅವಳಿಗೂ ತಿಳಿಯಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮಾರೆಪ್ಪ ಅಕ್ಕನ ಮುಖ ನೋಡಿದ. ಪಾಷಾನನ್ನು, ತಿಮ್ಮವ್ವನನ್ನು, ಬೂದೆಪ್ಪನನ್ನು ನೋಡಿದ. ಯಾರಾದರೊಬ್ಬರು ಇಲ್ಲ ಎನ್ನಲಿ ಎಂದು ಕಾದಂತಿತ್ತು.

“ನಿನಗೂ ಗೊತ್ತಿತ್ತಾ ಮಾವ?”

ಬೂದೆಪ್ಪ ಹೌದೆಂದು ತಲೆಯಾಡಿಸಿದ.

“ಎಲ್ಲಾರಿಗೂ ಗೊತ್ತದ. ಓಣಿಗೆಲ್ಲ ಗೊತ್ತದ. ಬಂದಾಗೊಮ್ಮಿ ನನ್ನ ಮಂಗ್ಯಾನ್ನ ಮಾಡಿ ಕುಣಿಸೀರಿ. ಆಕಿನೂ ಕೂಡಿ.” ಅವನು ಚಪ್ಪಲಿ ಮೆಟ್ಟಿದ. ಸೀರೆಯ ಪೊಟ್ಟಣ ಕಂಕುಳಲ್ಲೇ ಇತ್ತು.

“ಏ ಮಾರೆಪ್ಪ, ಸೀರಿ!” ಎಂದು ತಿಮ್ಮವ್ವ ಕೂಗಿದಳು. “ಸೀರಿ ಕೊಟ್ಟರ ಹೋಗೋ!”

ಅವನು ತಿರುಗಿ ನೋಡಲಿಲ್ಲ. ಓಣಿಯ ತಿರುವು ದಾಟಿದ.

*

ಸಿಟ್ಟು ಇಳಿದರೆ ಬರುತ್ತಾನೆ ಎಂದು ಕಾದರು. ಬಿಸಿಲು ಗೋಡೆಯಿಂದ ಜಾರಿ ಹೆಣದ ಮುಖಕ್ಕೆ ಬಂತು. ಆದೆಮ್ಮ ಸೆರಗು ಹಿಡಿದು ನೆರಳು ಮಾಡಿ ನಿಂತಳು. ನೊಣ ಮುತ್ತತೊಡಗಿದವು. ಮಾನ್ವಿಯವರು ಕಡೆಯ ಬಸ್ಸಿನ ಮಾತು ತೆಗೆದರು. ಕರೆತರಲು ಹೋದ ಪಾಷಾ ಒಬ್ಬನೇ ಮರಳಿ ಬಂದು, ಬರುವುದಿಲ್ಲವಂತೆ ಎಂದು ಕೈ ಅಲ್ಲಾಡಿಸಿದ.

“ತವರಿನ ಸೀರಿ ಇಲ್ದ ಹ್ಯಾಂಗ ಎತ್ತೋದು?” ಎಂದು ಯಾರೋ ಅಂದರು.

ಬೂದೆಪ್ಪ ಎದ್ದು ನಿಂತ. “ಆಕಿ ಮೈಮ್ಯಾಲಿಂದು ನಾ ತಂದ ಸೀರಿ. ಮೂವತ್ತು ವರ್ಷ ನಾ ತಂದದ್ದ ಉಟ್ಟಾಳ. ಇದೊಂದು ದಿನ ಸಾಲದೇನು? ಎತ್ರಿ!” ಓಣಿಯೆಲ್ಲ ಕೇಳುವಂತೆ ಕೂಗಿದ. “ಎತ್ರಿ ಅಂದ್ನೆಲ್ಲ!”

ಎತ್ತಿದರು. ಹಲಗೆ ಜೋರಾಯಿತು. ಮಣ್ಣು ಕೊಡುವ ಜಾಗ ದೇವದುರ್ಗದ ರಸ್ತೆಗೇ ಇತ್ತು. ಸಿದಿಗೆ ರಸ್ತೆಗೆ ತಿರುಗುವಾಗ ಬಸ್ಟ್ಯಾಂಡಿನಿಂದ ಹೊರಟಿದ್ದ ದೇವದುರ್ಗದ ಬಸ್ಸು ಎದುರಾಯಿತು. ಡ್ರೈವರ್ ಬಸ್ಸನ್ನು ಬದಿಗೆ ಹಿಡಿದು, ಹೆಣ ಹೋಗಲಿ ಎಂದು ಇಂಜಿನ್ ಬಂದ್ ಮಾಡಿದ. ಕಿಟಕಿಯಲ್ಲಿದ್ದವರು ಕೈ ಮುಗಿದರು. ಸಿದಿಗೆ ದಾಟಿತು, ಮಂದಿ ದಾಟಿತು. ಇಂಜಿನ್ ಮತ್ತೆ ಹತ್ತಲಿಲ್ಲ.

“ಗಂಡಸರು ಇಳೀರಿ, ದಬ್ರಿ” ಎಂದು ಕಂಡಕ್ಟರ್ ಒದರಿದ.

ಎಲ್ಲರ ಹಿಂದಿದ್ದ ಆದೆಮ್ಮ ಹೊರಳಿ ನೋಡಿದಳು. ಹತ್ತು ಹನ್ನೆರಡು ಜನ ಬಸ್ಸಿನ ಹಿಂದೆ ಸೇರಿದ್ದರು. ಅವರ ನಡುವೆ ಮಾರೆಪ್ಪ, ಸೀರೆಯ ಪೊಟ್ಟಣವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಲ ಹೆಗಲನ್ನು ಬಸ್ಸಿನ ತಗಡಿಗೆ ಒತ್ತಿ, ಕಾಲನ್ನು ಮಣ್ಣಿಗೆ ಊರಿ, ಕುತ್ತಿಗೆಯ ನರ ಉಬ್ಬುವಂತೆ ದಬ್ಬುತ್ತಿದ್ದ. ಬಸ್ಸು ಕೆಮ್ಮಿ, ಹೊಗೆ ಕಾರಿ, ಉರುಳತೊಡಗಿತು. ಉಳಿದವರು ಕೈ ಬಿಟ್ಟು ಓಡಿ ಹತ್ತಿದರು. ಅವನು ಮಾತ್ರ ಇನ್ನೂ ಸ್ವಲ್ಪ ದೂರ ಹೆಗಲು ಕೊಟ್ಟೇ ಹೋದ.