ರಾಮದಾಸರ ಭಾಷಣ

ಮುಂಬೈ ಮೇಲಿನ ದಾಳಿ ಮುಗಿದ ಮರುದಿನ, ಭಾನುವಾರ ಸಂಜೆ, ಬೆಸೆಂಟ್ ನಗರದ ಆ ಹನ್ನೆರಡು ಮನೆಗಳ ಅಪಾರ್ಟ್‌ಮೆಂಟಿನವರೆಲ್ಲ ಕಾರು ನಿಲ್ಲಿಸುವ ಜಾಗದಲ್ಲಿ ಸೇರಿದರು. ಮೂರು ದಿನ ಟಿವಿ ಮುಂದೆ ಕೂತು ಎಲ್ಲರ ಕಣ್ಣೂ ಕೆಂಪಾಗಿದ್ದವು. ಸಭೆ ಕರೆದವರು ಕಾರ್ಯದರ್ಶಿ ರಾಮದಾಸರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರ ಮಾತನ್ನು ಕೂತು ಕೇಳುವವರೇ ಇರಲಿಲ್ಲ.

ಕುರ್ಚಿ ತಂದು ಹಾಕಿದವನು ವಾಚ್‌ಮನ್ ಐತಪ್ಪ. ಪುತ್ತೂರಿನ ಕಡೆಯವನು. ಈ ತಮಿಳು ಊರಿಗೆ ಬಂದು ಕೆಲಸಕ್ಕಿದ್ದ ಹೋಟೆಲು ಮುಚ್ಚಿದಾಗ, ನಮ್ಮ ಕನ್ನಡದವನು ಎಂದು ರಾಮದಾಸರೇ ಇಲ್ಲಿ ಸೇರಿಸಿದ್ದರು. ಹನ್ನೊಂದು ವರ್ಷವಾಗಿತ್ತು. ಹೆಂಡತಿ ಮಕ್ಕಳಿಲ್ಲದ ಅವನಿಗೆ ಮೆಟ್ಟಿಲ ಕೆಳಗಿನ ಕೋಣೆಯೇ ಮನೆ.

ಮಾತು ಬಿಸಿಯೇರಿತು. ಯುದ್ಧ ಸಾರಬೇಕು ಎಂದರು ಒಬ್ಬರು. ಮಂತ್ರಿಗಳನ್ನೆಲ್ಲ ಕಿತ್ತೆಸೆಯಬೇಕು ಎಂದರು ಇನ್ನೊಬ್ಬರು. ಯುದ್ಧದಲ್ಲಿ ಸಾಯುವುದು ಯಾರ ಮಕ್ಕಳು ಎಂದು ಕಾಲೇಜಿನಲ್ಲಿ ಪಾಠ ಹೇಳುವ ಮಾಧವಿ ಕೇಳಿದ್ದಕ್ಕೆ ನಾಲ್ಕು ಜನ ಒಟ್ಟಿಗೆ ಮೇಲೆ ಬಿದ್ದರು. ಆಗ ರಾಮದಾಸರು ಎದ್ದು ನಿಂತರು. ದೆಹಲಿಯವರನ್ನು ನಂಬಿ ಕೂತರೆ ಆಗದು, ನಮ್ಮ ಬಾಗಿಲನ್ನು ನಾವೇ ಕಾಯಬೇಕು, ದಯೆ ದಾಕ್ಷಿಣ್ಯ ಎಂದು ಸಡಿಲ ಬಿಟ್ಟದ್ದಕ್ಕೇ ಈ ಗತಿ ಬಂತು ಎಂದು ತಮಗೆ ಬರುವ ತಮಿಳಿನಲ್ಲೇ ಗುಡುಗಿದರು. ಜೋರಾಗಿ ಚಪ್ಪಾಳೆ ಬಿತ್ತು.

"ಅಂಕಲ್ ಸೊಲ್ರದು ಕರೆಕ್ಟ್," ಎಂದು ತಮಿಳಿನಲ್ಲೇ ಒಪ್ಪಿದ ಎರಡನೆಯ ಮಹಡಿಯ ಅಜಿತ್. ಅವನ ಮನೆಮಾತೂ ಕನ್ನಡವೇ. "ನಮ್ಮ ಗೇಟಿಂದಲೇ ಸ್ಟಾರ್ಟ್ ಮಾಡೋಣ. ಐತಪ್ಪ, ಆ ನೀಲಿ ಕಾರಿನ ನಂಬರ್ ಓದು."

ಐತಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಅದು ಮಾಧವಿ ಅಮ್ಮಂದಲ್ವಾ?"

"ಯಾರದು ಅಂತ ಕೇಳಲಿಲ್ಲ. ನಂಬರ್ ಹೇಳು."

"ನಂಬ್ರ ಎಂತಕ್ಕೆ? ಯಾರದ್ದೂಂತ ಗೊತ್ತುಂಟಲ್ಲ."

ಯಾರೋ ನಕ್ಕರು. ಐತಪ್ಪ ಎರಡು ಹೆಜ್ಜೆ ಮುಂದೆ ಹೋದ, ಮತ್ತೆರಡು ಹೆಜ್ಜೆ ಹೋಗಿ ಬಗ್ಗಿದ. ಆಗಲೂ ಕಾಣಲಿಲ್ಲ. ರಾಮದಾಸರ ಕಡೆ ತಿರುಗಿದ. "ಪೊರೆ ಬಂದದ್ದು ಅಯ್ಯಾ. ಮಳೆ ಬಿಟ್ಟ ಮೇಲೆ ಆಸ್ಪತ್ರೆಗೆ ಹೋಗ್ತೇನೇಂತ ನಿಮ್ಮತ್ರ ಹೇಳಿದ್ದೆ."

ಹೇಳಿದ್ದು ನಿಜ. ರಾಮದಾಸರು ಕುರ್ಚಿಗೆ ಹಿಂದಿರುಗಿ ಕೂತರು.

ಐತಪ್ಪನನ್ನು ಬಿಡಿಸಿ ಏಜೆನ್ಸಿಯಿಂದ ಹೊಸ ಕಾವಲುಗಾರರನ್ನು ತರಲು ಅಜಿತ್ ಎಲ್ಲರ ಕೈ ಎತ್ತಿಸಿದ. ಮಾಧವಿ ಒಬ್ಬರೇ ಎತ್ತಲಿಲ್ಲ. ಎತ್ತಿದ ಕೈಗಳಲ್ಲಿ ರಾಮದಾಸರದ್ದೂ ಒಂದು.

ಬೆಳಿಗ್ಗೆ ಸುದ್ದಿ ಹೇಳುವ ಕೆಲಸವೂ ಅವರ ಪಾಲಿಗೇ ಬಂತು.

"ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ, ಐತಪ್ಪ. ಕಾಲ ಹಾಗಿದೆ."

"ನಾನು ಎಂತ ಮಾಡಿದ್ದು ಅಯ್ಯಾ?"

"ನೀನೇನೂ ಮಾಡಿಲ್ಲ."

"ಮತ್ತೆ?"

ರಾಮದಾಸರು ಮೆಟ್ಟಿಲು ಹತ್ತಿ ಬಂದುಬಿಟ್ಟರು. ವಿಷಯ ಕೇಳಿದ ಹೆಂಡತಿ ಅನಸೂಯ, "ಕಣ್ಣಿನ ಆಪರೇಷನ್ ಮಾಡಿಸಿ ಇಟ್ಕೋಬಹುದಿತ್ತಲ್ಲ," ಎಂದಷ್ಟೇ ಹೇಳಿ ಒಳಗೆ ಹೋದರು. ಆ ಮಾತು ಕುಟುಕಿತು. ರಾಮದಾಸರು ಒಂದೊಂದೇ ಮನೆಯ ಬೆಲ್ ಒತ್ತಿ ಅದನ್ನೇ ಕೇಳಿದರು. ಎಲ್ಲರೂ ಮರ್ಯಾದೆಯಿಂದಲೇ ಕೂರಿಸಿದರು. ಅಜಿತ್ ಕಾಫಿ ಕೊಟ್ಟು, "ದಯೆ ದಾಕ್ಷಿಣ್ಯ ಬೇಡ ಅಂದವರು ನೀವೇ ಅಲ್ವಾ ಅಂಕಲ್," ಎಂದ. ಅದರಲ್ಲಿ ವ್ಯಂಗ್ಯವೂ ಇರಲಿಲ್ಲ. ನಿಜವಾಗಿಯೇ ಕೇಳಿದ್ದ.

ಬುಧವಾರ ಐತಪ್ಪ ಟ್ರಂಕು ಹೊತ್ತು ಹೊರಟ. ಪುರಸೈವಾಕ್ಕಂ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಊರಿನವನೊಬ್ಬ ಇದ್ದಾನೆ, ಅಲ್ಲಿ ನೋಡ್ತೇನೆ ಎಂದ.

ಸಂಕ್ರಾಂತಿಯ ಹಿಂದಿನ ವಾರ ರಾಮದಾಸರು ಅಲ್ಲಿಗೆ ಹೋದರು. ಜನಜಂಗುಳಿಯಲ್ಲಿ ಏಳೆಂಟು ಅಂಗಡಿ ವಿಚಾರಿಸಿದ ಮೇಲೆ ಆ ಊರಿನವನು ಸಿಕ್ಕಿದ. ಸೀರೆ ಮಡಚುತ್ತಲೇ ಹೇಳಿದ: "ಬಂದಿದ್ರು. ಎರಡು ದಿನ ಇದ್ರು. ಕಣ್ಣು ಕಾಣದವರಿಗೆ ಇಲ್ಲಿ ಎಂತ ಕೆಲಸ ಉಂಟು? ಊರಿಗೆ ಹೋಗ್ತೇನೇಂತ ಹೇಳಿ ಹೋದ್ರು. ಊರಲ್ಲಿ ಅವರಿಗೆ ಯಾರೂ ಇಲ್ಲ. ಮೊನ್ನೆ ನಮ್ಮ ಮನೆಗೆ ಫೋನ್ ಮಾಡಿ ಕೇಳಿದೆ, ಅಲ್ಲಿಗೂ ಬರ್ಲಿಲ್ಲವಂತೆ."

ಮನೆಗೆ ಬಂದಾಗ ಅನಸೂಯ ಬಾಗಿಲಲ್ಲೇ ಕೇಳಿದರು, "ಸಿಕ್ಕಿದನಾ?"

"ಊರಿಗೆ ಹೋದನಂತೆ," ಎಂದರು ರಾಮದಾಸರು.

"ಸದ್ಯ," ಎಂದರು ಅನಸೂಯ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. "ತಮ್ಮೋರು ಅಂತ ಅಲ್ಲಾದರೂ ಯಾರಾದರೂ ಇರ್ತಾರೆ."

ರಾಮದಾಸರು ಹೂಂ ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು.